ಸ್ಕೋರು ಏರಿತು, ಭುಜವೂ ಏರಿತು

ಅಕ್ಕನಿಗೆ ಐವತ್ತು ದಾಟಿದೆ. ಮನೆ ಕಾಸರಗೋಡಿನ ಕುಂಬಳೆಯಿಂದ ಸ್ವಲ್ಪ ಒಳಗೆ. ಮದುವೆಯಾಗಿ ಬಂದ ಮೇಲೆ ಬೀಡಿ ಕಟ್ಟುತ್ತಲೇ ಬಂದವರು. ಮನೆಯಲ್ಲಿ ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಬಿ.ಪಿ. ಇತ್ತು, ಮಾತ್ರೆ ಮಾತ್ರ ನೆನಪಾದ ದಿನ. ಒಂದು ಬೆಳಿಗ್ಗೆ ಎಲೆ ಕತ್ತರಿಸುತ್ತಾ ಕೂತಿದ್ದಾಗ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಹೇಳಿದ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತ್ತು. ಮನೆಯವರು ಎಣ್ಣೆ ತಿಕ್ಕುತ್ತಾ ಕೂರದೆ ನೇರ ಮಂಗಳೂರಿಗೆ ಕರೆದುಕೊಂಡು ಹೋದರು. ಮಿದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಜೀವ ಉಳಿಯಿತು. ಮಾತು ಹೆಚ್ಚುಕಡಿಮೆ ಮರಳಿತು. ಕಾಲು ನೆಲಕ್ಕೆ ಊರತೊಡಗಿತು. ಹಿಂದೆ ಬಿದ್ದದ್ದು ಬಲಗೈ.

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವನು. ಈ ಪ್ರಕರಣ ಬರೆಯಲು ಅಕ್ಕನ ಒಪ್ಪಿಗೆ ಉಂಟು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮೈ ಆಡಿಸಿ ಆಡುವ ವಿಡಿಯೋ ಗೇಮಿನಿಂದ ಸ್ಟ್ರೋಕ್ ಆದವರ ಕೈ ಸರಿಯಾಗ್ತದಾ ಅಂತ ಬಹಳ ಮನೆಗಳಲ್ಲಿ ಕೇಳುತ್ತಾರೆ. ಗಲ್ಫಿನಿಂದ ಬಂದ ಹಳೆಯ ಗೇಮ್ ಸೆಟ್ಟು ಕಾಸರಗೋಡಿನ ಎಷ್ಟೋ ಮನೆಗಳ ಕಪಾಟಿನ ಮೇಲೆ ಧೂಳು ತಿನ್ನುತ್ತಿದೆ, ಹಾಗಾಗಿ ಪ್ರಶ್ನೆ ಸುಮ್ನೆ ಬರುವುದಲ್ಲ. ಅಕ್ಕನ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳುವುದೇ ನನ್ನ ಉತ್ತರ.

ಮೊದಲ ಸ್ಥಿತಿ

ನಾನು ನೋಡುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಅಕ್ಕ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಿದ್ದರು. ಬಲಗೈ ಎತ್ತಲು ಹೇಳಿದರೆ ಎದೆಯ ಮಟ್ಟಕ್ಕೆ ಬರುತ್ತಿತ್ತು, ಆದರೆ ಬರುವ ದಾರಿ ಸರಿ ಇರಲಿಲ್ಲ. ಮೊದಲು ಭುಜ ಕಿವಿಯ ಕಡೆಗೆ ಏರುತ್ತಿತ್ತು. ಜೊತೆಗೇ ಮೊಣಕೈ ಮಡಚುತ್ತಿತ್ತು, ಬೆರಳುಗಳು ಮುಷ್ಟಿ ಕಟ್ಟುತ್ತಿದ್ದವು. ಸ್ಟ್ರೋಕ್ ಆದವರಲ್ಲಿ ಇದು ತೀರಾ ಸಾಮಾನ್ಯ. ಒಂದೊಂದು ಕೀಲನ್ನು ಬೇರೆಬೇರೆಯಾಗಿ ಆಡಿಸುವ ಹಿಡಿತ ಮಿದುಳಿಗೆ ತಪ್ಪಿರುತ್ತದೆ. ಒಂದು ಅಡಿಕೆ ಎಳೆದರೆ ಇಡೀ ಗೊನೆಯೇ ಜಗ್ಗುವ ಹಾಗೆ.

ಬೇರೆಬೇರೆ ಕಡೆ ಕೊಟ್ಟ ಎರಡು ವ್ಯಾಯಾಮದ ಹಾಳೆಗಳು ಮನೆಯಲ್ಲಿದ್ದವು. ಒಂದು ಇಂಗ್ಲಿಷಿನಲ್ಲಿ, ಒಂದು ಮಲಯಾಳದಲ್ಲಿ. ಅಕ್ಕನಿಗೆ ಎರಡೂ ಓದಲು ಬರುವುದಿಲ್ಲ. ಚಿತ್ರ ನೋಡಿ ಮಾಡುತ್ತಿದ್ದರು. ಚಿತ್ರದಲ್ಲಿ ಕೈ ಮೇಲೆ ಉಂಟು, ಅಷ್ಟೇ. ಹೇಗೆ ಮೇಲೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೆಳಗಿನ ಸಾಲುಗಳಲ್ಲಿತ್ತು. ಗಡಿಯಲ್ಲಿರುವ ನಮಗೆ ಇದು ಹೊಸ ಸಂಗತಿ ಅಲ್ಲ, ಆದರೂ ಪ್ರತಿಸಲ ನೋಡಿದಾಗ ಸಿಟ್ಟು ಬರುತ್ತದೆ.

ಏನು ಬೇಕು ಅಂತ ಕೇಳಿದೆ. "ಎಂತ ದೊಡ್ಡದು ಬೇಡ ಡಾಕ್ಟ್ರೇ. ಬಲಗೈಯಲ್ಲಿ ಉಣ್ಣುವ ಹಾಗೆ ಆದರೆ ಸಾಕು. ಈ ಚಮಚ ಕಂಡರೆ ನನಗೆ ಆಗುವುದಿಲ್ಲ" ಅಂದರು. ಗುರಿ ಸಿಕ್ಕಿತು. ಅನ್ನ ಕಲಸಿ ಬಾಯಿಗೆ ತರಬೇಕಾದರೆ ಭುಜ ಕೆಳಗೇ ಇದ್ದು ಮೊಣಕೈ ಚಾಚಬೇಕು, ಮಡಚಬೇಕು, ಮಣಿಕಟ್ಟು ತಿರುಗಬೇಕು, ಬೆರಳು ಬಿಚ್ಚಿ ಕೂಡಬೇಕು. ಸುಲಭದ ಕೆಲಸ ಅಲ್ಲ ಅದು.

ತೊಂದರೆ ಇದ್ದದ್ದು ಪ್ರಮಾಣದಲ್ಲಿ. ಮಿದುಳು ಹೊಸ ದಾರಿ ಮಾಡಿಕೊಳ್ಳಬೇಕಾದರೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಮನುಷ್ಯರ ಚಿಕಿತ್ಸೆಯಲ್ಲಿ ಎಷ್ಟಾಗುತ್ತದೆ ಅಂತ ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಮತ್ತು ಅವರ ಜೊತೆಯವರು ಕೂತು ಎಣಿಸಿ 2009ರಲ್ಲಿ ಪ್ರಕಟಿಸಿದರು. ಕೈಯನ್ನು ನಿಜವಾದ ಕೆಲಸಕ್ಕೆ ಬಳಸುವ ಚಲನೆ ಒಂದು ಅವಧಿಯಲ್ಲಿ ಸರಾಸರಿ 32 ಸಲ ಮಾತ್ರ. ಅದು ಆಸ್ಪತ್ರೆಗಳ ಲೆಕ್ಕ. ನಮ್ಮ ಕಡೆ ಮನೆಯಲ್ಲಿ, ನಾನು ಇಲ್ಲದ ದಿನ, ಅಕ್ಕ ಹತ್ತು ಸಲ ಎತ್ತಿ "ಆಯ್ತು" ಅನ್ನುತ್ತಿದ್ದರು. ತಪ್ಪು ಅವರದ್ದಲ್ಲ. ಸುಮ್ನೆ ಗೋಡೆ ನೋಡಿಕೊಂಡು ಕೈ ಎತ್ತುವುದಕ್ಕಿಂತ ಬೇಜಾರಿನ ಕೆಲಸ ಬೇರೆ ಉಂಟಾ?

ಕಪಾಟಿನ ಮೇಲಿನ ಡಬ್ಬ

ಅಕ್ಕನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಹಿಂದೊಮ್ಮೆ ರಜೆಗೆ ಬರುವಾಗ ಯಾರೋ ಬಿಟ್ಟುಹೋದ ಎಕ್ಸ್‌ಬಾಕ್ಸ್ 360 ಅನ್ನುವ ಗೇಮ್ ಸೆಟ್ಟು ಮತ್ತು ಅದರ ಕಿನೆಕ್ಟ್ ತಂದಿದ್ದ. ಸ್ವಲ್ಪ ದಿನ ಆಡಿ ಮೇಲಿಟ್ಟಿದ್ದರು. ಎಂಟನೆಯಲ್ಲಿ ಓದುವ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಅದನ್ನು ಇಳಿಸಿದಳು. ಅಲ್ಲಿಯ ಚೌಕ ಪಿನ್ನಿನ ಪ್ಲಗ್ಗಿಗೆ ಒಂದು ಅಡಾಪ್ಟರ್ ಬೇಕಾಯಿತು, ಅಷ್ಟೇ. ವೋಲ್ಟೇಜಿನ ತಕರಾರು ಇರಲಿಲ್ಲ.

ಕಿನೆಕ್ಟ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. ಮೈ ಆಡಿಸಿ ಆಡುವ ಆಟ ಮನೆಮನೆಗೆ ಹೋದದ್ದು 2006ರಲ್ಲಿ, ನಿಂಟೆಂಡೊ ಕಂಪೆನಿಯ ವೀ ಬಂದಾಗ. ಅದರಲ್ಲಿ ಕೈಯಲ್ಲಿ ಒಂದು ರಿಮೋಟ್ ಹಿಡಿಯಬೇಕು. ರಿಮೋಟ್ ಎಷ್ಟು ಜೋರಾಗಿ, ಯಾವ ಕಡೆಗೆ ಬೀಸಿತು ಅನ್ನುವುದನ್ನು ಅದರೊಳಗಿನ ಚಿಪ್ಪು ಅಳೆಯುತ್ತದೆ. 2010ರ ನವೆಂಬರಿನಲ್ಲಿ ಬಂದ ಕಿನೆಕ್ಟ್ ರಿಮೋಟನ್ನೇ ತೆಗೆದುಹಾಕಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿದ ಸಾಮಾನು ಅದು. ಟಿವಿಯ ಕೆಳಗೆ ಕೂರುವ ಆ ಪಟ್ಟಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲುತ್ತದೆ. ಚುಕ್ಕೆಗಳು ಎಲ್ಲೆಲ್ಲಿ ಸರಿದು ಬಿದ್ದಿವೆ ಅಂತ ಅದರ ಕ್ಯಾಮೆರಾ ನೋಡಿ, ಯಾವುದು ಎಷ್ಟು ದೂರ ಅಂತ ಲೆಕ್ಕ ಹಾಕುತ್ತದೆ. ಆ ದೂರದ ಚಿತ್ರದಿಂದ ತಲೆ, ಭುಜ, ಮೊಣಕೈ, ಕೈ ಹೀಗೆ ಮೈಯ 20 ಜಾಗಗಳನ್ನು ಗುರುತಿಸಿ ಕಡ್ಡಿಗೊಂಬೆ ಮಾಡುತ್ತದೆ, ಸೆಕೆಂಡಿಗೆ 30 ಸಲ.

ಇಲ್ಲಿ ಎರಡು ಮಾತು ಗಮನಿಸಬೇಕು. ಇಡೀ ಅಂಗೈ ಅದಕ್ಕೆ ಒಂದೇ ಚುಕ್ಕಿ. ಬೆರಳುಗಳ ಲೆಕ್ಕ ಅದರಲ್ಲಿ ಇಲ್ಲ. ಮತ್ತೆ, ಭುಜ ಎಲ್ಲಿದೆ ಅಂತ ಕಿನೆಕ್ಟಿಗೆ ಗೊತ್ತು, ಆದರೆ ಆಟಕ್ಕೆ ಅದು ಬೇಕಿಲ್ಲ. ಹಣ್ಣು ಕತ್ತರಿಸುವ ಆಟಕ್ಕೆ ಬೇಕಾದದ್ದು ಕೈಯ ಚುಕ್ಕಿ ಹಣ್ಣಿನ ಮೇಲೆ ಹಾದುಹೋಯಿತಾ ಇಲ್ಲವಾ ಅನ್ನುವುದು ಮಾತ್ರ. ಕೈ ಅಲ್ಲಿಗೆ ಹೇಗೆ ಬಂತು ಅಂತ ಅದು ಕೇಳುವುದಿಲ್ಲ.

ನಾನು ಕಂಡದ್ದು

ಒಂದು ಮಧ್ಯಾಹ್ನ ಹೋದಾಗ ಮನೆಯಲ್ಲಿ ಗೌಜಿಯೋ ಗೌಜಿ. ಅಕ್ಕ ಟಿವಿ ಎದುರು ನಿಂತು ಫ್ರೂಟ್ ನಿಂಜಾ ಆಡುತ್ತಿದ್ದರು. ಕಲ್ಲಂಗಡಿ, ಅನಾನಸು ಎಲ್ಲ ಹಾರಿ ಬರುತ್ತಿದ್ದವು. ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ದಿನದಿನದ ಸ್ಕೋರು ಬರೆದಿಟ್ಟಿದ್ದಳು. ಪುಟದಿಂದ ಪುಟಕ್ಕೆ ಏರುತ್ತಾ ಹೋಗಿತ್ತು. "ನೋಡಿ, ಅಜ್ಜಿಯ ಕೈ ಸರಿ ಆಗ್ತಾ ಉಂಟು" ಅಂದಳು. ಅಕ್ಕನ ಮುಖದಲ್ಲಿ ಬೆವರು, ನಗು. ಸ್ಟ್ರೋಕ್ ಆದ ಮೇಲೆ ಅವರು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದೆಲ್ಲ ತಕರಾರು.

ಅವರು ಇನ್ನೊಂದು ಆಟ ಆಡುವವರೆಗೆ ನಾನು ಬದಿಗೆ ಕೂತೆ. ಟಿವಿ ನೋಡಲಿಲ್ಲ, ಅಕ್ಕನನ್ನು ನೋಡಿದೆ. ಹಣ್ಣುಗಳಲ್ಲಿ ಹೆಚ್ಚಿನವನ್ನು ಕತ್ತರಿಸುತ್ತಿದ್ದದ್ದು ಎಡಗೈ. ಈ ಆಟ ಎರಡೂ ಕೈಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯಾವುದು ನೊಂದ ಕೈ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಬಲಗೈ ಹೊರಟಾಗಲೂ ಕೈ ಹೋಗುತ್ತಿರಲಿಲ್ಲ, ಮೈ ಹೋಗುತ್ತಿತ್ತು. ಸೊಂಟದಿಂದ ಮುಂದಕ್ಕೆ ಬಾಗಿ, ಬಲಭುಜವನ್ನು ಕಿವಿಗೆ ತಾಗುವಷ್ಟು ಎತ್ತಿ, ಮಡಚಿದ ಮೊಣಕೈಯನ್ನೇ ಬೀಸುತ್ತಿದ್ದರು. ಆಟದಲ್ಲಿ ನಿಧಾನವಾಗಿ ಕೈ ಸರಿಸಿದರೆ ಹಣ್ಣು ತುಂಡಾಗುವುದಿಲ್ಲ, ಬೀಸಬೇಕು. ಸ್ಟ್ರೋಕ್ ಆದ ಕೈಗೆ ಅವಸರ ಮಾಡಿದರೆ ಆ ಹಳೆಯ ಗೊನೆ ಇನ್ನೂ ಗಟ್ಟಿಯಾಗಿ ಜಗ್ಗುತ್ತದೆ.

"ನೋವು ಉಂಟಾ ಅಕ್ಕ?" ಕೇಳಿದೆ. ಮೊದಲು ಇಲ್ಲ ಅಂದರು. ಮೊಮ್ಮಗಳು ನೀರು ತರಲು ಹೋದ ಮೇಲೆ ನಿಜ ಹೊರಗೆ ಬಂತು. ರಾತ್ರಿ ಬಲಮಗ್ಗುಲು ಮಲಗಲು ಆಗುವುದಿಲ್ಲ, ಭುಜದೊಳಗೆ ಕುತ್ತಿದ ಹಾಗೆ ಆಗುತ್ತದೆ. "ಮಗುವಿಗೆ ಹೇಳಬೇಡಿ, ಪಾಪ ಅಷ್ಟು ಖುಷಿಯಲ್ಲಿದ್ದಾಳೆ."

ಕಾರಣ ಮೈಯಲ್ಲೇ ಕಾಣುತ್ತಿತ್ತು. ತೋಳು ಮೇಲೆ ಹೋಗುವಾಗ ಬೆನ್ನಿನ ಹಲಗೆ ಮೂಳೆಯೂ ತಿರುಗಿ ಜಾಗ ಬಿಟ್ಟುಕೊಡಬೇಕು. ಅದು ತಿರುಗದೆ ತೋಳು ಮಾತ್ರ ಬಲವಂತವಾಗಿ ಎದ್ದರೆ ನಡುವಿನ ಮೆದು ಭಾಗ ಸಿಕ್ಕಿಕೊಂಡು ನಜ್ಜುತ್ತದೆ. ಒಂದೆರಡು ಸಲ ಆದರೆ ಏನಿಲ್ಲ. ಆದರೆ ಆಟದ ದೊಡ್ಡ ಗುಣವೇ ನೂರಾರು ಸಲ ಮಾಡಿಸುವುದು, ಅಲ್ವಾ? ಸರಿಯಾದ ಚಲನೆಯನ್ನು ನೂರು ಸಲ ಮಾಡಿಸುವ ಯಂತ್ರ ತಪ್ಪು ಚಲನೆಯನ್ನೂ ನೂರು ಸಲ ಮಾಡಿಸುತ್ತದೆ. ನೋಟ್‌ಬುಕ್ಕಿನಲ್ಲಿ ಏರಿದ್ದು ಅಕ್ಕನ ಜಾಣತನ. ಕೈಯ ಲೆಕ್ಕ ಬೇರೆಯೇ ಇತ್ತು.

ಸೆಟ್ಟು ಕಟ್ಟಿಡಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ತಾವಾಗಿ ಎದ್ದು ನಿಂತು, ದಿನಕ್ಕೆ ಎರಡು ಹೊತ್ತು, ಯಾರೂ ಒತ್ತಾಯ ಮಾಡದೆ ಕೈ ಆಡಿಸಬೇಕು ಅನ್ನುವ ಆಸೆ ಅಕ್ಕನಿಗೆ ಹುಟ್ಟಿತ್ತು. ಅದನ್ನು ಔಷಧಿ ಅಂಗಡಿಯಲ್ಲಿ ಮಾರುವುದಿಲ್ಲ.

ಕೋಣೆ, ನೈಟಿ, ಬಿಸಿಲು

ಮೊದಲು ಕೋಣೆ ಸರಿ ಮಾಡಿದೆವು. ಕಿನೆಕ್ಟಿಗೆ ಒಬ್ಬರು ಆಡಲು ಸುಮಾರು ಆರು ಅಡಿ ದೂರ ಬೇಕು, ಇಬ್ಬರಿಗೆ ಎಂಟು. ಅಕ್ಕನ ಮನೆಯ ಹಾಲಿನಲ್ಲಿ ದಿವಾನ ಅಡ್ಡ ಇತ್ತು. ಅದನ್ನು ಗೋಡೆಗೆ ತಿರುಗಿಸಿ, ಟೀಪಾಯಿ ಹೊರಗಿಟ್ಟು, ಕಾಲಿಗೆ ಸಿಗುವ ಚಾಪೆ ಮಡಚಿದ ಮೇಲೆ ಆರಡಿ ಸಿಕ್ಕಿತು. ಮೊಮ್ಮಗಳು ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಪಾದ ಬರೆದಳು. ಅಕ್ಕ ಅಲ್ಲೇ ನಿಲ್ಲಬೇಕು.

ಮಧ್ಯಾಹ್ನದ ಮೇಲೆ ಪಡುವಣ ಬಾಗಿಲಿನಿಂದ ಬಿಸಿಲು ನೇರ ಒಳಗೆ ಬರುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಿನೆಕ್ಟಿನ ಚುಕ್ಕೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಬಾಗಿಲು ಹಾಕಿದರೆ ಸರಿಯಾಗುತ್ತಿತ್ತು, ಆದರೆ ಬೇಸಿಗೆಯಲ್ಲಿ ಬಾಗಿಲು ಹಾಕಿ ಕೈ ಬೀಸಿ ಅಂದರೆ ಯಾರು ಕೇಳುತ್ತಾರೆ? ಬೆಳಿಗ್ಗೆ ತಿಂಡಿಯ ನಂತರ ಒಮ್ಮೆ, ಸಂಜೆ ಬಿಸಿಲು ಇಳಿದ ಮೇಲೆ ಒಮ್ಮೆ ಅಂತ ಮಾಡಿಕೊಂಡರು.

ಬಟ್ಟೆಯದ್ದು ಇನ್ನೊಂದು ಕತೆ. ಮನೆಯಲ್ಲಿ ಅಕ್ಕ ನೈಟಿಯಲ್ಲೇ ಇರುವುದು. ನೈಟಿಯ ಅಗಲದಲ್ಲಿ ಸೊಂಟ, ಮೊಣಕಾಲು ಎಲ್ಲಿ ಅಂತ ಕಿನೆಕ್ಟಿಗೆ ತಿಳಿಯದೆ ಕಡ್ಡಿಗೊಂಬೆಯ ಕಾಲು ತಾನಾಗಿ ಕುಣಿಯುತ್ತಿತ್ತು. ಮೇಲೆ ಹಾಕಿಕೊಂಡ ಬೈರಾಸು (ಟವೆಲ್) ಮೊಣಕೈಯನ್ನು ಮುಚ್ಚುತ್ತಿತ್ತು. ಬೈರಾಸು ತೆಗೆದು, ನೈಟಿಗೆ ಸೊಂಟದಲ್ಲಿ ಒಂದು ಪಟ್ಟಿ ಕಟ್ಟಿದ ಮೇಲೆ ತೊಂದರೆ ಕಡಿಮೆಯಾಯಿತು.

ಕೂತು ಆಡಿಸೋಣ ಅಂತ ನನಗೆ ಆಸೆ ಇತ್ತು. ಕುರ್ಚಿಯ ಬೆನ್ನಿಗೆ ಮೈ ತಾಗಿಸಿ ಕೂತರೆ ಮುಂದೆ ಬಾಗಿದ್ದು ಅವರಿಗೇ ಗೊತ್ತಾಗುತ್ತದೆ. ಆದರೆ ಎಕ್ಸ್‌ಬಾಕ್ಸಿನ ಈ ಆಟಗಳು ಎದ್ದು ನಿಂತವರಿಗೇ ಮಾಡಿದವು. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಕೂಡಲೇ ಅಕ್ಕನೂ ಕುರ್ಚಿಯೂ ಒಂದೇ ಆಕಾರವಾಗಿ, ಕುರ್ಚಿಯ ಕೈಯನ್ನೇ ಅಕ್ಕನ ಕೈ ಅಂತ ಅದು ತಿಳಿಯಿತು. ನಿಂತೇ ಆಡುವುದು ಅಂತಾಯಿತು. ಎಡಗಡೆ ಭಾರದ ಮರದ ಕುರ್ಚಿ, ಅದರ ಬೆನ್ನನ್ನು ಎಡಗೈಯಿಂದ ಹಿಡಿಯಬೇಕು. ಹಿಂದೆ ಬೆಂಚು, ಸುಸ್ತಾದರೆ ಕೂರಲು. ಕುರ್ಚಿ ಹಿಡಿದದ್ದರಿಂದ ಬೀಳುವ ಹೆದರಿಕೆ ಹೋಯಿತು. ಎಡಗೈ ಸಹಾಯಕ್ಕೆ ಓಡಿಬರುವುದೂ ನಿಂತಿತು.

ಒಳ್ಳೆಯ ಕೈಯನ್ನು ತಡೆದು ನೊಂದ ಕೈಗೆ ಕೆಲಸ ಕೊಡುವ ವಿಚಾರ ನನ್ನದಲ್ಲ. ಎಡ್ವರ್ಡ್ ಟಾಬ್ ಅನ್ನುವ ಮನೋವಿಜ್ಞಾನಿ ಬೆಳೆಸಿದ ಚಿಕಿತ್ಸೆ ಅದು. 222 ಜನರ ಮೇಲೆ ನಡೆದ ಎಕ್ಸೈಟ್ ಅನ್ನುವ ಪರೀಕ್ಷೆಯ ಫಲ 2006ರಲ್ಲಿ ಬಂತು, ಉಪಯೋಗ ಉಂಟು ಅಂತ ತೋರಿಸಿತು. ಅದರಲ್ಲಿ ಎರಡು ವಾರ ಎಚ್ಚರ ಇರುವ ಹೆಚ್ಚಿನ ಹೊತ್ತು ಒಳ್ಳೆಯ ಕೈಗೆ ಗವಸು ಹಾಕಿಸುತ್ತಾರೆ. ಕೋಲು ಹಿಡಿದು ನಡೆಯುವ ಅಕ್ಕನಿಗೆ ಅಷ್ಟು ಮಾಡಿಸುವುದು ಅಪಾಯ. ಆಟದ ಹೊತ್ತಿಗೆ ಮಾತ್ರ ಸಾಕು.

ಬಿ.ಪಿ. ನೋಡದೆ ಆಟ ಇಲ್ಲ ಅಂತ ಖಡಾಖಂಡಿತ ಹೇಳಿದೆ. ಮಿಂಚುವ ಪರದೆ ಕೆಲವರಿಗೆ ಫಿಟ್ಸ್ ತರಿಸಬಹುದು. ಅಕ್ಕನಿಗೆ ಆ ಇತಿಹಾಸ ಇಲ್ಲ ಅಂತ ಅವರ ಡಾಕ್ಟರರಿಂದ ಕೇಳಿ ತಿಳಿದುಕೊಂಡೆ.

ಹಣ್ಣು ಬಿಟ್ಟು ಚೆಂಡು

ಆಟ ಬದಲಿಸಿದ್ದು ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ. ಮನೆಯಲ್ಲಿ ಕಿನೆಕ್ಟ್ ಸ್ಪೋರ್ಟ್ಸ್ ಡಿಸ್ಕ್ ಇತ್ತು. ಅದರ ಬೌಲಿಂಗ್ ಆಟದಲ್ಲಿ (ಕ್ರಿಕೆಟಿನದ್ದಲ್ಲ, ಚೆಂಡು ಉರುಳಿಸಿ ಪಿನ್ನು ಅನ್ನುವ ಗೂಟಗಳನ್ನು ಬೀಳಿಸುವುದು) ಬದಿಗೆ ಕೈ ಚಾಚಿ ಚೆಂಡು ತೆಗೆಯಬೇಕು, ಆಮೇಲೆ ಕೈಯನ್ನು ಕೆಳಗಿನಿಂದ ಮುಂದಕ್ಕೆ ತೂಗಿ ಬಿಡಬೇಕು. ಕೈ ಭುಜದ ಮಟ್ಟದಿಂದ ಮೇಲೆ ಹೋಗುವ ಅಗತ್ಯವೇ ಇಲ್ಲ. ತೂಗುವಾಗ ಕೈಯ ಭಾರಕ್ಕೇ ಮೊಣಕೈ ಬಿಚ್ಚುತ್ತದೆ. ಚೆಂಡು ಉರುಳಿ ಪಿನ್ನುಗಳು ಬೀಳುವವರೆಗೆ ಬಿಡುವು ಸಿಗುತ್ತದೆ. ಅವಸರ ಇಲ್ಲ, ಮೇಲಿನಿಂದ ಏನೂ ಹಾರಿ ಬರುವುದಿಲ್ಲ. ಹಣ್ಣಿನ ಆಟ ಅಕ್ಕನಿಂದ ಕೇಳಿದ್ದಕ್ಕೆಲ್ಲ ಇದು ನೇರ ತಿರುಗುಮುರುಗು.

ಅಕ್ಕನಿಗೆ ಹಿಡಿಸಲಿಲ್ಲ. "ಇದೆಂತ ಡಾಕ್ಟ್ರೇ, ಮಕ್ಕಳು ತೆಂಗಿನಕಾಯಿ ಉರುಳಿಸಿದ ಹಾಗೆ" ಅಂದರು. ಮೊಮ್ಮಗಳಿಗೂ ಸಪ್ಪೆ. ಆದರೆ ಭುಜದ ನೋವು ಇಳಿಯತೊಡಗಿದ ಮೇಲೆ ತಕರಾರು ಕಡಿಮೆಯಾಯಿತು. ರಾತ್ರಿ ನಿದ್ದೆ ಬಂದದ್ದೇ ದೊಡ್ಡ ಸಾಕ್ಷಿ. ಇದರ ಜೊತೆಗೆ ಬೆನ್ನಿನ ಹಲಗೆ ಮೂಳೆಯನ್ನು ಸಡಿಲ ಮಾಡುವ ನಮ್ಮ ಮಾಮೂಲಿ ವ್ಯಾಯಾಮ ನಡೆದೇ ಇತ್ತು. ನೋವು ಇಳಿದ ಕೀರ್ತಿಯನ್ನು ಬೌಲಿಂಗಿಗೆ ಮಾತ್ರ ಕೊಡಲು ನಾನು ತಯಾರಿಲ್ಲ.

ಮೊಮ್ಮಗಳ ಕೆಲಸವೂ ಬದಲಾಯಿತು. ಸ್ಕೋರು ಬರೆಯುವುದು ಬಂದ್. ಬದಿಗೆ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕೂತು ಅಜ್ಜಿಯ ಭುಜ ನೋಡಬೇಕು. ಮುಟ್ಟಿ ಹಿಡಿಯುವ ಹಾಗಿಲ್ಲ, ಇಬ್ಬರು ತಾಗಿಕೊಂಡರೆ ಕಿನೆಕ್ಟಿಗೆ ಯಾರ ಕೈ ಯಾರದ್ದು ಅಂತ ಗೊತ್ತಾಗುವುದಿಲ್ಲ. ಭುಜ ಏರಿದರೆ "ಅಜ್ಜೀ, ಭುಜ!" ಅಂತ ಹೇಳಬೇಕು. ನೋಟ್‌ಬುಕ್ಕಿನಲ್ಲಿ ಭುಜ ಏರದೆ ಬಿಟ್ಟ ಚೆಂಡುಗಳಿಗೆ ಮಾತ್ರ ಗೀಟು. ಪಿನ್ನು ಎಷ್ಟು ಬಿತ್ತು ಅನ್ನುವುದು ಲೆಕ್ಕಕ್ಕಿಲ್ಲ. ಹದಿಮೂರು ವರ್ಷದ ಹುಡುಗಿಗೆ ಇದು ಬೇಗ ಅರ್ಥವಾಯಿತು. ಬೇಕಿದ್ದರೆ ನಮ್ಮ ಕೆಲವು ವಿದ್ಯಾರ್ಥಿಗಳಿಗಿಂತ ಬೇಗ ಅನ್ನುತ್ತೇನೆ.

ಹಣ್ಣಿನ ಆಟವನ್ನು ಅಕ್ಕ ಬಿಟ್ಟುಕೊಡಲಿಲ್ಲ. ನಾನು ಹೋದಾಗಲೆಲ್ಲ ಕೇಳುತ್ತಿದ್ದರು. ನೋವು ಪೂರ್ತಿ ಇಳಿದು, ಭುಜ ಕೆಳಗಿಟ್ಟೇ ಕೈ ಎದೆಯ ಮಟ್ಟಕ್ಕೆ ಚಾಚಲು ಬಂದ ಮೇಲೆ ಒಪ್ಪಿದೆ. ಅಲ್ಲಿ ಒಂದು ಅನುಕೂಲ ಕಂಡಿತು. ಫ್ರೂಟ್ ನಿಂಜಾದ ಕಿನೆಕ್ಟ್ ಆಟದಲ್ಲಿ ಆಡುವವರ ನೆರಳು ಪರದೆಯ ಮೇಲೆ ಹಿಂದೆ ಕಾಣುತ್ತದೆ. ಭುಜ ಏರಿದರೆ ನೆರಳಿನ ಭುಜವೂ ಏರುತ್ತದೆ. ಅಕ್ಕನನ್ನು ಸೀಮೆಸುಣ್ಣದ ಪಾದಗಳ ಮೇಲೆ ನಿಲ್ಲಿಸಿ, ಭುಜ ಸಡಿಲ ಬಿಡಲು ಹೇಳಿ, ನೆರಳಿನ ಬಲಭುಜದ ತುದಿಗಿಂತ ಬೆರಳಗಲ ಮೇಲೆ ಟಿವಿಗೆ ಒಂದು ಗುರುತು ಹಾಕಬೇಕಿತ್ತು. ಪೆನ್ನು ಬೇಡ ಅಂತ ಮೊಮ್ಮಗಳು ಕನ್ನಡಿಯಿಂದ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಕಿತ್ತು ತಂದು ಅಂಟಿಸಿದಳು. ನೆರಳು ಬೊಟ್ಟಿಗೆ ತಾಗಿದರೆ ಕೈ ಇಳಿಸಬೇಕು, ಹಣ್ಣು ಹೋದರೆ ಹೋಗಲಿ. ಅದರಲ್ಲೂ ಹಣ್ಣುಗಳ ನಡುವೆ ಬಾಂಬ್ ಬಾರದ, 90 ಸೆಕೆಂಡಿನ ಝೆನ್ ಅನ್ನುವ ಬಗೆ ಮಾತ್ರ. ಎದೆಯ ಮಟ್ಟದಿಂದ ಕೆಳಗೆ ಬರುವ ಹಣ್ಣು ಮಾತ್ರ ಅಕ್ಕನದ್ದು, ಮೇಲಿನದ್ದೆಲ್ಲ ಬಿಡಬೇಕು.

ಸ್ಕೋರು ನೆಲಕಚ್ಚಿತು. ಅಕ್ಕ ಗೊಣಗಿದರು. ಆದರೆ ಬದಿಯಿಂದ ಯಾರೂ ಹೇಳದೆ ಅವರೇ ತಮ್ಮ ಭುಜ ನೋಡಿಕೊಳ್ಳಲು ಶುರುಮಾಡಿದರು. ನಾನು ಅಷ್ಟು ದಿನ ಕೈಯಿಟ್ಟು ಕಲಿಸಿದ್ದನ್ನು ಆ ಬೊಟ್ಟು ನನಗಿಂತ ಚೆನ್ನಾಗಿ ಕಲಿಸಿತು.

ಕರೆಂಟು ಹೋದ ದಿನಗಳು

ಮಳೆಗಾಲ ಬಂತು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಇಡೀ ದಿನ ಇಲ್ಲ. ಆಟ ಇಲ್ಲದ ದಿನ ಅಕ್ಕನ ಕೈ ಏನು ಮಾಡಬೇಕು? ಬೆರಳುಗಳ ಕೆಲಸ ಹೇಗೂ ಬಾಕಿ ಇತ್ತು. ಅಂಗೈಯನ್ನು ಒಂದು ಚುಕ್ಕಿ ಅಂತ ನೋಡುವ ಯಂತ್ರ ಬೆರಳಿಗೆ ಏನನ್ನೂ ಕಲಿಸಲಾರದು.

ಉತ್ತರ ಕಪಾಟಿನಲ್ಲಲ್ಲ, ಮಂಚದ ಅಡಿಯಲ್ಲಿತ್ತು. ಅಕ್ಕನ ತಡ್ಪೆ (ಬೀಡಿ ಕಟ್ಟುವ ಮೊರ), ಕತ್ತರಿ, ನೂಲಿನ ಉಂಡೆ, ಉಳಿದ ಬೀಡಿ ಎಲೆ. ಹೊಗೆಸೊಪ್ಪು ಬೇಡ ಅಂತ ಕಡ್ಡಾಯ ಮಾಡಿದೆ. ಅದರ ಬದಲು ಒಣಗಿಸಿದ ಚಾ ಹುಡಿಯ ಚರಟ. ನೆನೆಸಿದ ಎಲೆಯನ್ನು ಮೊದಮೊದಲು ಮೊಮ್ಮಗಳೇ ಕತ್ತರಿಸಿ ಕೊಡುತ್ತಿದ್ದಳು. ತಡ್ಪೆ ತೊಡೆಯ ಮೇಲೆ ಬಂದ ಕೂಡಲೇ ಅಕ್ಕ ಕೂತ ಭಂಗಿಯೇ ಬೇರೆಯಾಯಿತು. ಬೆನ್ನು ಗೋಡೆಗೆ, ಎರಡೂ ಮೊಣಕೈ ಮೈಗೆ ಹತ್ತಿರ, ಭುಜ ಕೆಳಗೆ. ಯಾರೂ ಹೇಳಿಕೊಡಲಿಲ್ಲ. ಎಡಗೈಯಲ್ಲಿ ಎಲೆ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಿನಿಂದ ಉರುಳಿಸಲು ನೋಡಿದರು. ಎಲೆ ಬಿಚ್ಚಿಕೊಂಡಿತು. ಮತ್ತೆ ಉರುಳಿಸಿದರು, ಮತ್ತೆ ಬಿಚ್ಚಿತು. ಹಣ್ಣು ತಪ್ಪಿದಾಗ ನಗುತ್ತಿದ್ದ ಅಕ್ಕ ಇಲ್ಲಿ ನಗಲಿಲ್ಲ. ಹುಬ್ಬು ಗಂಟು ಹಾಕಿ, ಬಾಯಿಯೊಳಗೆ ಏನೋ ಬೈದುಕೊಂಡು, ಮೂರನೆಯ ಎಲೆ ತೆಗೆದರು. ಬುಡ ದಪ್ಪ, ತುದಿ ಸೊಟ್ಟ ಒಂದು ಬೀಡಿ ಕೊನೆಗೂ ಆಯಿತು. "ಇದನ್ನು ಬೀಡಿ ಬ್ರಾಂಚಿಗೆ ಕೊಂಡುಹೋದರೆ ಮುಖಕ್ಕೇ ಬಿಸಾಡುತ್ತಾರೆ" ಅಂದರು. ನೂಲು ಸುತ್ತಿ ಗಂಟು ಹಾಕುವುದು ಬಹಳ ದಿನ ಆಗಲೇ ಇಲ್ಲ.

ಇಲ್ಲಿ ಒಂದು ದೊಡ್ಡ ಪರೀಕ್ಷೆಯ ಮಾತು ನೆನಪು ಮಾಡಬೇಕು. ಕೆನಡಾದ ಗುಸ್ಟಾವೊ ಸಪೋಸ್ನಿಕ್ ಮತ್ತು ಜೊತೆಯವರು ನಾಲ್ಕು ದೇಶಗಳಲ್ಲಿ 141 ಜನ ಸ್ಟ್ರೋಕ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಮಾಮೂಲಿ ಚಿಕಿತ್ಸೆ ಇಬ್ಬರಿಗೂ ಉಂಟು. ಅದರ ಮೇಲೆ ಒಂದು ಗುಂಪಿಗೆ ವೀ ಆಟ, ಇನ್ನೊಂದಕ್ಕೆ ಇಸ್ಪೀಟಿನ ಥರದ ಸಾದಾ ಆಟಗಳು. ಎರಡು ವಾರದಲ್ಲಿ ಹತ್ತು ಸಲ, ಒಂದೊಂದು ಗಂಟೆ. 2016ರಲ್ಲಿ ಫಲ ಬಂತು. ಎರಡೂ ಗುಂಪಿನ ಕೈ ಸುಧಾರಿಸಿತು, ವೀ ಗುಂಪು ಮುಂದೇನೂ ಹೋಗಲಿಲ್ಲ. ಮರುವರ್ಷ ಕೊಕ್ರೇನ್ ಸಂಸ್ಥೆ ಇಂಥ 72 ಪರೀಕ್ಷೆಗಳನ್ನು, 2,470 ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿತು. ಮಾಮೂಲಿ ಚಿಕಿತ್ಸೆಯ ಬದಲಿಗೆ ಪರದೆಯ ಆಟ ಕೊಟ್ಟರೆ ಕೈಗೆ ಹೆಚ್ಚಿನ ಲಾಭ ಆಗ ಕಾಣಲಿಲ್ಲ. ಅದರ ಜೊತೆಗೆ ಸೇರಿಸಿ ಒಟ್ಟು ಹೊತ್ತು ಜಾಸ್ತಿ ಮಾಡಿದರೆ ಲಾಭ ಇರಬಹುದು ಅಂತ ಕಂಡಿತು.

ಇದನ್ನು ಓದಿ ಗೇಮ್ ದಂಡ ಅನ್ನುವವರಿದ್ದಾರೆ. ನಾನು ಓದಿದ್ದು ಬೇರೆ ಥರ. ಇಸ್ಪೀಟಿನಿಂದ ಆಗುವುದಾದರೆ ಬೀಡಿ ಎಲೆಯಿಂದಲೂ ಆಗಬೇಕು, ಅಡಿಕೆ ಸುಲಿಯುವುದರಿಂದಲೂ ಆಗಬೇಕು. ಬೇಕಾದದ್ದು ಕೈ ಮತ್ತೆ ಮತ್ತೆ ಕೆಲಸಕ್ಕೆ ಇಳಿಯುವುದು ಮತ್ತು ಸರಿಯಾಗಿ ಇಳಿಯುವುದು. ಅಕ್ಕನಿಗೆ ತೋಳಿನ ಮಟ್ಟಿಗೆ ಕಿನೆಕ್ಟ್ ಆ ಆಸೆ ಹುಟ್ಟಿಸಿತು, ಬೆರಳಿನ ಮಟ್ಟಿಗೆ ಹಳೆಯ ಕಸುಬು. ಬೀಡಿಯಲ್ಲಿ ಒಂದು ಹೆಚ್ಚಿನ ಗುಣವೂ ಇತ್ತು. ತಪ್ಪು ಮಾಡಿದರೆ ಎಲೆ ಬಿಚ್ಚಿಕೊಳ್ಳುತ್ತದೆ, ಅಡ್ಡದಾರಿ ಹಿಡಿದವರಿಗೆ ಅದು ಮಾರ್ಕು ಕೊಡುವುದಿಲ್ಲ.

ಈಗಿನ ಸ್ಥಿತಿ

ಅಕ್ಕ ಈಗ ದೋಸೆ, ಇಡ್ಲಿ ಬಲಗೈಯಲ್ಲಿ ಮುರಿದು ತಿನ್ನುತ್ತಾರೆ. ಅನ್ನ ಕಲಸಲು ಆಗುತ್ತದೆ, ಬಾಯಿಗೆ ತರುವಾಗ ಅರ್ಧ ಬಟ್ಟಲಿಗೇ ಬೀಳುತ್ತದೆ. ಮಣಿಕಟ್ಟು ಮೇಲಕ್ಕೆ ಏಳುವುದು ಇನ್ನೂ ಬಂದಿಲ್ಲ, ಅದೇ ಮುಂದಿನ ಕೆಲಸ. ಗಂಜಿಗೆ ಚಮಚವೇ. ಕೈ ಭುಜದ ಮಟ್ಟದವರೆಗೆ ನೋವಿಲ್ಲದೆ ಏರುತ್ತದೆ, ತಲೆ ಬಾಚುವಷ್ಟು ಮೇಲೆ ಹೋಗುವುದಿಲ್ಲ. ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಮೈ ತಾನಾಗಿಯೂ ಸ್ವಲ್ಪ ಚೇತರಿಸುತ್ತದೆ. ಈ ಸುಧಾರಣೆಯಲ್ಲಿ ಅದರ ಪಾಲೆಷ್ಟು, ವ್ಯಾಯಾಮದ್ದೆಷ್ಟು, ಆಟದ್ದೆಷ್ಟು ಅಂತ ಒಬ್ಬರ ಪ್ರಕರಣದಿಂದ ಬೇರ್ಪಡಿಸಲು ಬರುವುದಿಲ್ಲ. ಭುಜದ ನೋವು ಬಂದದ್ದೂ ಹೋದದ್ದೂ ಮಾತ್ರ ಆಟದ ಬದಲಾವಣೆಯ ಜೊತೆಜೊತೆಗೇ ನಡೆಯಿತು.

ಮಗ ದುಬೈಯಿಂದ ಫೋನ್ ಮಾಡಿ ಹೊಸ ಸೆಟ್ಟು ಕಳಿಸಲಾ ಅಂತ ಕೇಳಿದ. ಅವನ ಪ್ರಶ್ನೆಗೆ ಅರ್ಥ ಉಂಟು. ಕಿನೆಕ್ಟ್ ತಯಾರಿ 2017ರಲ್ಲೇ ನಿಂತಿದೆ. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈಯಲ್ಲಿ ಮುಚ್ಚಿತು, ಅದರಿಂದ ಹೊಸ ಆಟ ಕೊಳ್ಳಲು ಬರುವುದಿಲ್ಲ. ಇರುವುದು ಕೆಟ್ಟರೆ ಮುಗಿಯಿತು. ಸದ್ಯಕ್ಕೆ ಬೇಡ ಅಂದೆ. ಸೆಟ್ಟಿಗಿಂತ ಅವಸರದ ಕೊರತೆ ಬೇರೆ ಇತ್ತು. ಶಾಲೆ ಶುರುವಾದ ಮೇಲೆ ಮೊಮ್ಮಗಳು ಬೆಳಿಗ್ಗೆ ಸಿಗುವುದಿಲ್ಲ, ಬದಿಗೆ ಕೂತು ಭುಜ ನೋಡುವವರು ಬೇಕು.

ಪಕ್ಕದ ಮನೆಯಲ್ಲೇ ಇರುವ ನಾದಿನಿಯನ್ನು ಕೇಳಿದೆವು. ಅವರಿಗೂ ಮೊಣಕಾಲು ನೋವು, ಸುಮ್ನೆ ಕೂರಲು ಮನಸ್ಸಿಲ್ಲ. ತನಗೂ ಬೌಲಿಂಗ್ ಆಡಲು ಬಿಟ್ಟರೆ ಮಾತ್ರ ಬರುತ್ತೇನೆ ಅಂದರು. ಇಬ್ಬರು ಒಟ್ಟಿಗೆ ಆಡಲು ಎಂಟಡಿ ಬೇಕು, ಹಾಲಿನಲ್ಲಿ ಇರುವುದು ಆರೇ. ಹಾಗಾಗಿ ಸರದಿಯಲ್ಲಿ ಆಡುತ್ತಾರೆ. ಅಕ್ಕನ ಸರದಿಯಲ್ಲಿ ನಾದಿನಿ ಭುಜ ನೋಡುತ್ತಾರೆ, ನಾದಿನಿಯ ಸರದಿಯಲ್ಲಿ ಅಕ್ಕ ಬೆಂಚಿನಲ್ಲಿ ಕೂತು ಅವರ ಆಟಕ್ಕೆ ತಪ್ಪು ಹುಡುಕುತ್ತಾರೆ.